ಇಂದಿನ ಚೀನೀ ಮಸಿಚಿತ್ರಗಳನ್ನು ನೋಡುವ ಬಗೆ

ಪೆಂಗ್ ವೇ (ಜನನ 1974), ಯಾಂಗ್ ಯೊಂಗ್‌ಲಿಯಾಂಗ್ (1980), ಹಾವ್ ಲಿಯಾಂಗ್ (1983) ಮೊದಲಾದ ನಡುವಯಸ್ಸಿನ ಚೀನೀ ಕಲಾವಿದರ ಬಗ್ಗೆ ಬರೆಯುವವರು ‘ಪರಂಪರೆ ಮತ್ತು ಆಧುನಿಕತೆಯ ಸಂಗಮ’ ಎಂಬ ಮಾತನ್ನು ಧಾರಾಳವಾಗಿ ಬಳಸುತ್ತಾರೆ. ಅದರಿಂದ ನೋಡುಗನಿಗೆ ದಕ್ಕುವುದು ಕಡಿಮೆ. ಚಿತ್ರದಲ್ಲಿ ಹಳೆಯದು ಇರುವುದು ಕಾಗದದಲ್ಲೋ, ಕುಂಚದ ಗೀಟಿನಲ್ಲೋ, ಕಣ್ಣನ್ನು ನಡೆಸುವ ಕ್ರಮದಲ್ಲೋ ಎಂಬುದನ್ನು ಬಿಡಿಸಿ ನೋಡುವುದು ಮೊದಲ ಕೆಲಸ.

ಗೋಡೆಯ ಫಲಕದಲ್ಲಿ ಶೀರ್ಷಿಕೆಗಿಂತ ಮುಂಚೆ ಮಾಧ್ಯಮವನ್ನು ಓದಿ. ಕಾಗದವೆಂದಿದ್ದರೆ ಅದು ಬಹುಪಾಲು ಷ್ವಾನ್ ಕಾಗದವಾಗಿರುತ್ತದೆ. ಆನ್‌ಹ್ವೇ ಪ್ರಾಂತ್ಯದ ಜಿಂಗ್ ಕೌಂಟಿಯಲ್ಲಿ ಒಂದು ಜಾತಿಯ ಮರದ ತೊಗಟೆ ಮತ್ತು ಭತ್ತದ ಹುಲ್ಲಿನಿಂದ ಇದನ್ನು ತಯಾರಿಸುವ ವಿದ್ಯೆ 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಹಸಿ, ಅಂದರೆ ಹದಗೊಳಿಸದ, ಷ್ವಾನ್ ಕಾಗದ ಮಸಿಯನ್ನು ತಕ್ಷಣ ಹೀರಿಕೊಳ್ಳುವುದರಿಂದ ಗೀಟಿನ ಅಂಚು ಹರಡಿಕೊಳ್ಳುತ್ತದೆ ಮತ್ತು ಒಮ್ಮೆ ಎಳೆದದ್ದನ್ನು ತಿದ್ದಲು ಬರುವುದಿಲ್ಲ. ಪಟಿಕ ಮತ್ತು ಅಂಟಿನ ನೀರು ಬಳಿದು ಹದಗೊಳಿಸಿದ ಕಾಗದದಲ್ಲಿ, ಹಾಗೆಯೇ ಹದಗೊಳಿಸಿದ ರೇಷ್ಮೆಯಲ್ಲಿ, ಗೀಟು ನಿಂತಲ್ಲೇ ನಿಲ್ಲುತ್ತದೆ. ಹೀಗಾಗಿ ತೆಳು ಬಣ್ಣವನ್ನು ಪದರದ ಮೇಲೆ ಪದರವಾಗಿ ಕೂರಿಸಬಹುದು. ಈ ಎರಡನೆಯ ದಾರಿಗೆ ಗೊಂಗ್‌ಬೀ ಎಂದು ಹೆಸರು. ಚೊಂಗ್‌ಚಿಂಗ್ ನಗರದಲ್ಲಿರುವ ಸಿಚುವಾನ್ ಲಲಿತಕಲಾ ಸಂಸ್ಥೆಯಲ್ಲಿ ಕಲಿತ ಹಾವ್ ಲಿಯಾಂಗ್ ರೇಷ್ಮೆಯ ಮೇಲೆ ಚಿತ್ರಿಸುವುದು ಈ ಜಾಡಿನಲ್ಲಿಯೇ. ಸಾಧ್ಯವಾದರೆ ಅಂಥ ಚಿತ್ರವನ್ನು ಪಕ್ಕದಿಂದ ಓರೆಯಾಗಿ ನೋಡಿ: ತೈಲವರ್ಣದಂತೆ ಬಣ್ಣ ಮೇಲೆದ್ದು ಕೂತಿರುವುದಿಲ್ಲ, ನೇಯ್ಗೆಯ ಒಳಗೇ ಇಳಿದಿರುತ್ತದೆ. ಸಾಮಗ್ರಿಯ ಮಟ್ಟಿಗೆ ಅವರು ಪೂರ್ತಿ ಹಳೆಯ ಕಾಲದವರು. 11ನೇ ಶತಮಾನದಿಂದ ಬಂದ ‘ಷಿಯಾವ್‌ಷಿಯಾಂಗ್‌ನ ಎಂಟು ನೋಟಗಳು’ (ಷಿಯಾವ್‌ಷಿಯಾಂಗ್ ಎಂದರೆ ಹುನಾನ್ ಪ್ರಾಂತ್ಯದ ನದೀಪ್ರದೇಶ) ಎಂಬ ವಿಷಯವನ್ನೇ ಅವರು ಕೈಗೆತ್ತಿಕೊಂಡಿದ್ದಾರೆ. ಆದ್ದರಿಂದ ಹೊಸತನವನ್ನು ಸಾಮಗ್ರಿಯಲ್ಲಿ ಹುಡುಕದೆ, ಹಳೆಯ ಎಂಟು ನೋಟಗಳನ್ನು ಅವರು ಹೇಗೆ ಒಡೆದು ಜೋಡಿಸಿದ್ದಾರೆ ಎಂಬಲ್ಲಿ ಹುಡುಕಬೇಕು.

ಹೋಲಿಸಿ ನೋಡಲು ಹಳೆಯ ಚಿತ್ರವೊಂದು ಮನಸ್ಸಿನಲ್ಲಿರಬೇಕು. ಅದಕ್ಕೆ ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿರುವ, ಸೊಂಗ್ ರಾಜವಂಶದ ಕಾಲದ ಚಿತ್ರಕಾರ ಗ್ವೋ ಷಿಯ ‘ವಸಂತದ ಆರಂಭ’ (1072) ಒಂದೇ ಸಾಕೆಂದು ನನ್ನ ಅಭಿಪ್ರಾಯ. ಅದರಲ್ಲಿ ನೋಡುಗ ಒಂದೇ ಕಡೆ ನಿಂತಿಲ್ಲ. ಬುಡದಿಂದ ಶಿಖರವನ್ನು ತಲೆಯೆತ್ತಿ ನೋಡುವುದು, ಎದುರಿನ ಬೆಟ್ಟದ ಹಿಂದಕ್ಕೆ ಇಣುಕುವುದು, ದೂರದ ಬಯಲನ್ನು ಮಟ್ಟಸವಾಗಿ ನೋಡುವುದು ಎಂಬ ಮೂರೂ ನೋಟಗಳು ಒಂದೇ ಪಟದಲ್ಲಿ ಸೇರಿವೆ. ಬಂಡೆಯ ಮೈಯನ್ನು ಕಟ್ಟಿರುವುದು ನೆರಳು–ಬೆಳಕಿನಿಂದಲ್ಲ, ಮತ್ತೆ ಮತ್ತೆ ಹಾಕಿದ ಕುಂಚದ ಗೀಟುಗಳಿಂದ. ಈ ಗೀಟುಗಳಿಗೆ ‘ಕೊಡಲಿ ಏಟು’, ‘ಸೆಣಬಿನ ನಾರು’ ಎಂಬಂಥ ಹೆಸರಿನ ಬಗೆಗಳೇ ಇವೆ.

ಇಷ್ಟಾದ ಮೇಲೆ ಯಾಂಗ್ ಯೊಂಗ್‌ಲಿಯಾಂಗ್ ಅವರ ಕೃತಿಯ ಮುಂದೆ ನಿಲ್ಲಿ. ಹತ್ತು ಹೆಜ್ಜೆ ದೂರದಿಂದ ಅದು ಸೊಂಗ್ ಕಾಲದ ಬೆಟ್ಟ–ನೀರಿನ ಚಿತ್ರವೇ: ಮಂಜು, ಬಂಡೆ, ಜಲಪಾತ. ಒಂದು ಮೊಳದಷ್ಟು ಹತ್ತಿರಕ್ಕೆ ಬಂದರೆ, ಬಂಡೆಯ ಗೀಟುಗಳೆಂದು ತೋರಿದ್ದವು ಒತ್ತೊತ್ತಾಗಿ ಪೇರಿಸಿದ ಬಹುಮಹಡಿ ಕಟ್ಟಡಗಳ ಫೋಟೊಗಳು, ಶಿಖರದ ಮರಗಳು ವಿದ್ಯುತ್ ಗೋಪುರಗಳು ಮತ್ತು ಕ್ರೇನುಗಳು. ಇಲ್ಲಿ ಕುಂಚವೂ ಇಲ್ಲ, ಮಸಿಯೂ ಇಲ್ಲ. ಉಳಿದಿರುವುದು ರಚನೆಯ ಕ್ರಮ ಮಾತ್ರ. ಅವರನ್ನು ಚಿತ್ರಕಾರರೆನ್ನಬೇಕೋ ಛಾಯಾಗ್ರಾಹಕರೆನ್ನಬೇಕೋ ಎಂಬ ಚರ್ಚೆ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2013ರ ಕೊನೆಯಲ್ಲಿ ಏರ್ಪಡಿಸಿದ ಮಸಿಕಲೆಯ ದೊಡ್ಡ ಪ್ರದರ್ಶನದಲ್ಲಿ ಅವರಿಗೂ ಜಾಗವಿತ್ತು.

ಪೆಂಗ್ ವೇ ಅವರ ದಾರಿ ತಿರುವುಮುರುವು. ಅವರಲ್ಲಿ ಕುಂಚ, ಮಸಿ, ಕಾಗದ ಎಲ್ಲವೂ ಹಳೆಯವೇ. ಆದರೆ ಕಾಗದ ಗೋಡೆಯ ಮೇಲೆ ಚಪ್ಪಟೆಯಾಗಿರುವುದಿಲ್ಲ, ಹೆಣ್ಣಿನ ಮುಂಡದ ಆಕಾರ ತಳೆದಿರುತ್ತದೆ, ಅದರ ಮೇಲೆ ಚಿತ್ರ ಹಬ್ಬಿರುತ್ತದೆ. ಅಂಥ ಕೃತಿಯನ್ನು ಸುತ್ತಿ ಬಂದು ನೋಡಬೇಕು. ಉದ್ದದ ಸುರುಳಿ ಚಿತ್ರವಾದರೆ ಬಲದಿಂದ ಎಡಕ್ಕೆ, ಒಮ್ಮೆಗೆ ಒಂದು ತೋಳಿನಷ್ಟೇ ಅಗಲವನ್ನು ನೋಡುತ್ತ ಸಾಗಬೇಕು; ನಡುವೆ ನಿಂತು ಪೂರ್ತಿ ಸುರುಳಿಯ ಫೋಟೊ ತೆಗೆದರೆ ಕಲಾವಿದೆ ಹೂಡಿದ ಕ್ರಮ ಕೈತಪ್ಪುತ್ತದೆ.

ಹಳೆಯದು–ಹೊಸದರ ಬೆಸುಗೆ ಗಟ್ಟಿಯೋ ಬರೀ ತೇಪೆಯೋ ಎಂದು ತಿಳಿಯಲು, ಹೊಸದನ್ನು ಮನಸ್ಸಿನಲ್ಲೇ ತೆಗೆದುಹಾಕಿ ನೋಡಿ. ಹಳೆಯ ಶೈಲಿಯ ಬೆಟ್ಟದ ತಪ್ಪಲಲ್ಲಿ ಒಂದು ಕಾರನ್ನು ಬರೆದಿದ್ದು, ಅದನ್ನು ಅಳಿಸಿದರೂ ಚಿತ್ರ ಹಾಗೆಯೇ ಉಳಿಯುವುದಾದರೆ ಅದು ತೇಪೆ. ಯಾಂಗ್ ಅವರ ಕಟ್ಟಡಗಳನ್ನು ತೆಗೆದರೆ ಬೆಟ್ಟವೇ ಇರುವುದಿಲ್ಲ. ಹಿಂದಿನ ತಲೆಮಾರಿನ, ಪ್ಯಾರಿಸ್ಸಿನಲ್ಲಿ ಕಲಿತ ಚೀನೀ ಚಿತ್ರಕಾರ ಷು ಬೇಹೊಂಗ್ ತಮ್ಮ 45ರ ವಯಸ್ಸಿನಲ್ಲಿ, 1940ರಲ್ಲಿ, ಭಾರತದಲ್ಲಿದ್ದಾಗ ರಚಿಸಿದ ‘ಬೆಟ್ಟ ಸರಿಸಿದ ಮುದುಕ’ ಚಿತ್ರಕ್ಕೂ ಇದೇ ಪರೀಕ್ಷೆ ಒಡ್ಡಬಹುದು: ಮಸಿಯಲ್ಲಿ ಬರೆದ ಆ ದುಡಿಯುವ ಮೈಗಳ ಸ್ನಾಯುಗಳು ಯುರೋಪಿನ ರೇಖಾಭ್ಯಾಸದಿಂದ ಬಂದವು, ಕೆಲವಕ್ಕೆ ಭಾರತೀಯರೇ ಮಾದರಿ, ಮತ್ತು ಅವನ್ನು ಬಿಟ್ಟರೆ ಚಿತ್ರದಲ್ಲಿ ಕೆಲಸ ಮಾಡುವವರೇ ಇಲ್ಲ.

ಪ್ರಯಾಣ ಮಾಡಿ ನೋಡುವವರಿಗೆ ಒಂದು ಸೂಚನೆ. ಕಾಗದ ಮತ್ತು ರೇಷ್ಮೆ ಬೆಳಕಿಗೆ ಬೇಗ ಸೊರಗುವುದರಿಂದ ಸಂಗ್ರಹಾಲಯಗಳು ಇಂಥ ಚಿತ್ರಗಳನ್ನು ಕೆಲವು ತಿಂಗಳಷ್ಟೇ ಹೊರಗಿಟ್ಟು ಮತ್ತೆ ಒಳಗೆ ಸೇರಿಸುತ್ತವೆ. ನಿಮಗೆ ಬೇಕಾದ ಕೃತಿ ಪ್ರದರ್ಶನದಲ್ಲಿದೆಯೇ ಎಂದು ವಿಚಾರಿಸಿಕೊಂಡ ಮೇಲೆ ಟಿಕೆಟ್ ಮಾಡಿಸಿ.