ಖರ್ಜೂರಕ್ಕೆ ಕೈಯಿಂದ ಪರಾಗ ಕಟ್ಟುವುದು ಹೇಗೆ?

ಮರ ಚೆನ್ನಾಗಿದೆ, ಹೊಂಬಾಳೆಯೂ ಬರುತ್ತದೆ, ಹಣ್ಣು ಮಾತ್ರ ಗುಂಡಗೆ ತುಂಬಿಕೊಳ್ಳುವುದಿಲ್ಲ. ಖರ್ಜೂರ ಬೆಳೆಸುವವರಿಗೆ ಈ ನಿರಾಸೆ ಗೊತ್ತು. ಇದಕ್ಕೆ ಗೊಬ್ಬರ ಸುರಿದು ಪ್ರಯೋಜನವಿಲ್ಲ. ಖರ್ಜೂರದಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಗುಲಿದರಷ್ಟೇ ಹಣ್ಣು ತುಂಬುತ್ತದೆ. ಗಾಳಿಯನ್ನೇ ನಂಬಿ ಕೂತರೆ ಗಂಡು ಮರಗಳು ತುಂಬಾ ಬೇಕು. ಕೈಯಿಂದ ಪರಾಗ ಕಟ್ಟಿದರೆ ಒಂದು ಗಂಡು ಮರ ಸುಮಾರು 50 ಹೆಣ್ಣು ಮರಗಳಿಗೆ ಸಾಕು. ಸುಮಾರು 3,700 ವರ್ಷ ಹಿಂದಿನ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನಿನಲ್ಲೂ ಈ ಕೆಲಸ ಮಾಡುವ ತೋಟಗಾರನಿಗೆ ಫಸಲಿನ ಮೂರನೇ ಒಂದು ಪಾಲು ಸಿಗುತ್ತಿತ್ತು.

ಮೊದಲು ಮರದ ಗುರುತು ಹಿಡಿಯಿರಿ. ಬೀಜದಿಂದ ಬೆಳೆಸಿದ್ದು ಹೂ ಬಿಡುವವರೆಗೂ ಗಂಡೋ ಹೆಣ್ಣೋ ಕಣ್ಣಿಗೆ ತಿಳಿಯದು. ಇಸ್ರೇಲಿನ ಮಸಾದಾ ಕೋಟೆಯಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಬೀಜವನ್ನು 2005ರಲ್ಲಿ ಮೊಳೆಯಿಸಿದರು. ಅಷ್ಟು ಕಾದ ಮೇಲೆ ಬಂದದ್ದು ಗಂಡು! ಹಾಗಾಗಿ ಹೆಣ್ಣು ಮರದ ಬುಡದ ಮರಿಗಿಡ ನೆಡುವುದೇ ವಾಸಿ. ಅದು ತಾಯಿಯಂತೆಯೇ ಹೆಣ್ಣಾಗುತ್ತದೆ. ಗಂಡು ಹೂ ಬಿಳಿ, ಒತ್ತೊತ್ತಾಗಿರುತ್ತದೆ, ಕೊಡವಿದರೆ ಹಿಟ್ಟು ಉದುರುತ್ತದೆ. ಹೆಣ್ಣು ಹೂ ಹಳದಿ ಮಣಿ ಪೋಣಿಸಿದ ಹಾಗೆ.

ಗಂಡು ಹೊಂಬಾಳೆಯ ಹಾಳೆ ಕಂದು ಬಣ್ಣಕ್ಕೆ ತಿರುಗಿ ಬಿರಿಯುವ ಹೊತ್ತಿಗೆ ಕತ್ತರಿಸಿಕೊಳ್ಳಿ. ತಡವಾದರೆ ಪರಾಗ ಗಾಳಿಪಾಲು, ಜೇನಿನ ಪಾಲು. ಹೆಣ್ಣು ಹೊಂಬಾಳೆ ಇನ್ನೂ ಬಿರಿಯದಿದ್ದರೆ ಎಳೆಗಳನ್ನು ನೆರಳಲ್ಲಿ ಕಾಗದದ ಮೇಲೆ ಒಣಗಿಸಿ, ಉದುರಿದ ಪರಾಗವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ.

ಹತ್ತುವ ಮೊದಲು ಗರಿಯ ಬುಡದ ಮುಳ್ಳು ಕತ್ತರಿಸಿ ತೆಗೆಯಿರಿ. ಸುಮ್ನೆ ಹೇಳುತ್ತಿಲ್ಲ, ಅವು ಸೂಜಿಯಷ್ಟು ಚೂಪು. ಹೆಣ್ಣು ಹೊಂಬಾಳೆ ಬಿರಿದ ಎರಡು ಮೂರು ದಿನದೊಳಗೆ ಕೆಲಸ ಮುಗಿಯಬೇಕು. ಗಂಡು ಹೂವಿನ ಎರಡು ಮೂರು ಎಳೆಗಳನ್ನು ತಲೆಕೆಳಗಾಗಿ ಹೆಣ್ಣು ಎಳೆಗಳ ನಡುವೆ ಸಿಕ್ಕಿಸಿ, ಗರಿಯ ಸೀಳಿನಿಂದ ಸಡಿಲವಾಗಿ ಕಟ್ಟಿ. ಬಿಗಿದರೆ ಗೊನೆ ಹರಡಿಕೊಳ್ಳಲು ಜಾಗ ಇರುವುದಿಲ್ಲ. ಒಣಗಿದ ಪರಾಗವಾದರೆ ಹತ್ತಿಯನ್ನು ಅದರಲ್ಲಿ ಅದ್ದಿ ಹೂವಿಗೆ ಸವರಬಹುದು. ಕಟ್ಟಿದ ಕೆಲವೇ ಗಂಟೆಯಲ್ಲಿ ಮಳೆ ಬಂತೋ, ಬೇಸರಪಡದೆ ಮತ್ತೆ ಮಾಡಿ. ಎಲ್ಲ ಹೊಂಬಾಳೆಯೂ ಒಂದೇ ದಿನ ಬಿರಿಯುವುದಿಲ್ಲ. ಒಂದೇ ಮರವನ್ನು ನಾಲ್ಕೈದು ಸಲ ಹತ್ತಬೇಕಾಗುತ್ತದೆ.

ಫಲ ಕಟ್ಟಿತೋ ಇಲ್ಲವೋ ತಿಳಿಯುವುದು ಹೇಗೆ? ನನಗೆ ಬಹಳ ಇಷ್ಟವಾದ ಭಾಗ ಇದು. ಪ್ರತಿ ಹೆಣ್ಣು ಹೂವಿನಲ್ಲಿ ಮೂರು ಪುಟ್ಟ ಕಾಯಿಮೊಳಕೆ ಇರುತ್ತವೆ. ಪರಾಗ ತಗುಲಿದ್ದರೆ ಒಂದು ಮಾತ್ರ ದಪ್ಪಗಾಗಿ, ಉಳಿದೆರಡು ಒಣಗಿ ಬೀಳುತ್ತವೆ. ಮೂರೂ ಒಟ್ಟಿಗೆ ಬೆಳೆಯುತ್ತಿದ್ದರೆ ಪರಾಗ ತಗುಲಿಲ್ಲ ಎಂದರ್ಥ. ಅವು ಬೀಜವಿಲ್ಲದೆ ಸಣ್ಣದಾಗಿಯೇ ಉಳಿಯುತ್ತವೆ.

ಮಸಾದಾದ ಆ ಗಂಡು ಮರ ವ್ಯರ್ಥವಾಗಲಿಲ್ಲ. ಅದರ ಪರಾಗವನ್ನು ಅಷ್ಟೇ ಹಳೆಯ ಇನ್ನೊಂದು ಬೀಜದಿಂದ ಬೆಳೆದ ಹನ್ನಾ ಎಂಬ ಹೆಣ್ಣು ಮರಕ್ಕೆ ಮುಟ್ಟಿಸಿದರು. 2020ರಲ್ಲಿ ಹನ್ನಾ ನೂರಕ್ಕೂ ಹೆಚ್ಚು ಹಣ್ಣು ಕೊಟ್ಟಿತು.