ಒಳಗಿಟ್ಟ ಮೆಣಸಿನ ಗಿಡ ಹೂ ಬಿಡುವಾಗ ಎಲೆ ಹಳದಿಯಾದರೆ ಏನು ನೋಡಬೇಕು

ಪುಷ್ಯ ಮಳೆ ಹಿಡಿದುಕೊಂಡರೆ ಚಿಕ್ಕಮಗಳೂರಿನಲ್ಲಿ ಮೆಣಸಿನ ಕುಂಡ ಹೊರಗಿಡುವ ಹಾಗಿಲ್ಲ, ಹೂವೆಲ್ಲ ನೆನೆದು ಉದುರಿಹೋಗುತ್ತದೆ. ಹಾಗಾಗಿ ನಾನು ಸೂಜಿಮೆಣಸು, ಕ್ಯಾಪ್ಸಿಕಂ ಎರಡನ್ನೂ ಒಳಗೆ ಕಿಟಕಿ ಪಕ್ಕ ಇಟ್ಟು, ಮೇಲೊಂದು ಎಲ್‌ಇಡಿ ಗ್ರೋ ಲೈಟ್ ಕಟ್ಟಿ ಬೆಳೆಸುತ್ತೇನೆ. ಮೊಗ್ಗು ಬರುವವರೆಗೂ ಗಿಡ ಚೆನ್ನಾಗೇ ಇರುತ್ತದೆ. ಹೂ ಬಿಡಲು ಶುರುವಾದ ಮೇಲೆ ಕೆಳಗಿನ ಎಲೆ ಹಳದಿಯಾಗುತ್ತದೆ, ಆಗ ಗಾಬರಿ.

ಗಾಬರಿಯಾದಾಗ ಎಲ್ಲರೂ ಮಾಡುವುದು ಒಂದೇ, ಗೊಬ್ಬರ ಹಾಕುವುದು. ನಾನೂ ಹಾಗೇ ಮಾಡಿದ್ದೆ. ಎರಡು ವರ್ಷದ ಹಿಂದೆ ಆರಿದ್ರಾ ಮಳೆಯಲ್ಲಿ ಸೂಜಿಮೆಣಸಿನ ಎಲೆ ಹಳದಿಯಾಯಿತು ಅಂತ ಒಂದು ಚಮಚ ಯೂರಿಯಾ ಹಾಕಿದೆ. ನಾಲ್ಕೇ ದಿನದಲ್ಲಿ ಹೂವೆಲ್ಲ ಉದುರಿತು, ಎಲೆ ಇನ್ನೂ ಬಾಡಿತು. ಕೊನೆಗೆ ಕುಂಡ ಮಗುಚಿ ಮಣ್ಣಿನ ಗಡ್ಡೆ ಹೊರಗೆ ತೆಗೆದು ನೋಡಿದರೆ ಬೇರು ಕಂದು ಬಣ್ಣ, ಕೊಚ್ಚೆಯ ವಾಸನೆ. ಒಂದು ಬೇರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಮೇಲಿನ ಸಿಪ್ಪೆ ಕೈಗೆ ಬಂತು, ಒಳಗಿನ ನಾರು ದಾರದ ಹಾಗೆ ಉಳಿಯಿತು. ಕುಂಡದ ತಳದ ತೂತಿಗೆ ಮಣ್ಣು ಕಟ್ಟಿಕೊಂಡಿತ್ತು. ಗಿಡಕ್ಕೆ ಹಸಿವಾಗಿರಲಿಲ್ಲ, ಬೇರಿಗೆ ಉಸಿರು ಕಟ್ಟಿತ್ತು, ಅದರ ಮೇಲೆ ನಾನು ಉಪ್ಪಿನಂಥ ಗೊಬ್ಬರ ಸುರಿದಿದ್ದೆ.

ಅದಕ್ಕೇ ಹೇಳುತ್ತೇನೆ, ಎಲೆ ನೋಡುವ ಮುಂಚೆ ನೀರು ನೋಡಿ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ಮಣ್ಣು ಬೆರಳಿಗೆ ಮೆತ್ತಿಕೊಂಡರೆ ಆವತ್ತು ನೀರು ಬೇಡ. ಕುಂಡ ಎತ್ತಿ ನೋಡುವುದು ಇನ್ನೂ ಒಳ್ಳೆಯದು, ನಾಲ್ಕು ದಿನ ಎತ್ತಿದರೆ ಒಣಗಿದ ಕುಂಡದ ಭಾರ ಎಷ್ಟು, ನೆನೆದದ್ದರ ಭಾರ ಎಷ್ಟು ಅಂತ ಕೈಗೇ ಗೊತ್ತಾಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಮನೆಯೊಳಗೂ ಗಾಳಿ ಒದ್ದೆ, ಬಿಸಿಲಿಲ್ಲ, ಬೇಸಿಗೆಯಲ್ಲಿ ದಿನಾ ನೀರು ಕುಡಿಯುತ್ತಿದ್ದ ಕುಂಡಕ್ಕೆ ಈಗ ನಾಲ್ಕೈದು ದಿನಕ್ಕೊಮ್ಮೆ ಹಾಕಿದರೂ ಜಾಸ್ತಿಯಾಗಬಹುದು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದ್ದರೆ ಚೆಲ್ಲಿ. ಮಣ್ಣು ಹಸಿ ಇದ್ದೂ ಗಿಡ ಜೋತು ಬಿದ್ದಿದ್ದರೆ ಬೇರಿಗೆ ತೊಂದರೆ ಆಗಿದೆ ಅಂತಲೇ ಲೆಕ್ಕ. ಕೊಳೆತ ಬೇರು ಕತ್ತರಿಸಿ, ಮರಳು ಬೆರೆಸಿದ ಹೊಸ ಮಣ್ಣಿಗೆ ಬದಲಾಯಿಸಿ. ಇರುವ ಹೂವನ್ನು ಚಿವುಟಿ ಹಾಕಿ, ಬೇಜಾರಾಗುತ್ತದೆ ನಿಜ, ಆದರೆ ಗಿಡ ಉಳಿಯಬೇಕಲ್ವಾ?

ನೀರು ಸರಿ ಇದೆ ಅಂತ ಖಾತ್ರಿಯಾದರೆ ಆಗ ಎಲೆ ನೋಡಿ. ಹಳದಿಯಾಗಿರುವುದು ಕೆಳಗಿನ ಹಳೇ ಎಲೆಯೋ, ತುದಿಯ ಎಳೇ ಎಲೆಯೋ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಹೂವಿಗೆ, ಚಿಗುರಿಗೆ ಕಳಿಸುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಆಗುವುದಿಲ್ಲ, ಅದು ಸಾಲದಿದ್ದರೆ ಚಿಗುರೇ ಬಿಳಿಚಿಕೊಳ್ಳುತ್ತದೆ.

ಕೆಳಗಿನ ಎಲೆ ನರದ ಸಮೇತ ಪೂರ್ತಿ ಒಂದೇ ಹಳದಿ ಅಂದರೆ ಸಾರಜನಕ ಸಾಲುತ್ತಿಲ್ಲ. ಹೂ ಬಿಡುವ ಗಿಡದಲ್ಲಿ ಅಂಥ ಎರಡು ಮೂರು ಎಲೆ ಉದುರುವುದು ಮಾಮೂಲಿ, ಅದಕ್ಕೆ ಏನೂ ಮಾಡಬೇಡಿ. ಹಳದಿ ಮೇಲೆ ಮೇಲೆ ಹತ್ತುತ್ತಿದ್ದರೆ ಮಾತ್ರ ಎರಡು ಹಿಡಿ ಎರೆಗೊಬ್ಬರ ಹಾಕಿ, ಇಲ್ಲವೇ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಅನ್ನು ಲೀಟರಿಗೆ 2 ಗ್ರಾಂ ಕರಗಿಸಿ ಒಂದು ಸಲ ಹಾಕಿ. ಯೂರಿಯಾ ಬೇಡವೇ ಬೇಡ. ಅದರಲ್ಲಿ ಶೇ. 46 ಸಾರಜನಕವೇ, ಸಣ್ಣ ಕುಂಡಕ್ಕೆ ಅಳತೆ ತಪ್ಪಿದರೆ ಎಲೆ ಸೊಂಪಾಗಿ ಬಂದು ಹೂ ನಿಲ್ಲುವುದಿಲ್ಲ, ಜಾಸ್ತಿಯಾದರೆ ಬೇರೇ ಸುಡುತ್ತದೆ.

ಹಳೇ ಎಲೆಯಲ್ಲೇ ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿ, ಮೀನಿನ ಮುಳ್ಳಿನ ಹಾಗೆ ಕಾಣುತ್ತಿದ್ದರೆ ಮೆಗ್ನೀಷಿಯಂ ಕೊರತೆ. ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಬೆರೆಸಿದ ಕುಂಡದಲ್ಲಿ ಇದನ್ನು ನಾನು ತುಂಬಾ ನೋಡಿದ್ದೇನೆ. ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಲೀಟರಿಗೆ ಒಂದು ಟೀ ಚಮಚ, ಸಂಜೆ ಲೈಟ್ ಆರಿಸಿದ ಮೇಲೆ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹಳೇ ಎಲೆಯ ಅಂಚು ಹಳದಿಯಾಗಿ ಆಮೇಲೆ ಸುಟ್ಟ ಹಾಗಾದರೆ ಪೊಟ್ಯಾಷ್ ಬೇಕು, 13:0:45 (ಪೊಟ್ಯಾಷ್ ಜಾಸ್ತಿ ಇರುವ ಗೊಬ್ಬರ) ಲೀಟರಿಗೆ 2 ಗ್ರಾಂ, ಹಸಿ ಇರುವ ಮಣ್ಣಿಗೆ ಹಾಕಿ. ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಗೊಬ್ಬರ ಜಾಸ್ತಿಯಾದ ಲಕ್ಷಣ. ಆಗ ಏನೂ ಹಾಕದೆ ಬರೀ ನೀರು ತಳದಿಂದ ಧಾರಾಳವಾಗಿ ಹರಿಯುವಂತೆ ಹಾಕಿ ತೊಳೆಯಿರಿ.

ಚಿಗುರು ಹಳದಿ, ನರ ಹಸಿರು ಅಂದರೆ ಕಬ್ಬಿಣ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುತ್ತಿರುವುದಿಲ್ಲ. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್ ನೀರು ಹಾಕುವವರು ಇದನ್ನು ಗಮನಿಸಬೇಕು. ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟಿದರೆ ಅದು ಗಡಸು ನೀರು, ಹಾಕುತ್ತಾ ಹೋದಂತೆ ಮಣ್ಣಿನ ಪಿಎಚ್ (ಹುಳಿ, ಕ್ಷಾರದ ಅಳತೆ) ಏರುತ್ತದೆ, ಅದು ಏರಿದಷ್ಟೂ ಕಬ್ಬಿಣ ಬೇರಿಗೆ ಸಿಗುವುದು ಕಡಿಮೆ. ಮೆಣಸಿಗೆ 6ರಿಂದ 6.8ರ ಒಳಗಿದ್ದರೆ ಚೆನ್ನ. ಮಳೆ ನೀರು ಹಿಡಿದಿಟ್ಟು ಹಾಕಿ, ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಮೂಡಿಗೆರೆ, ಸಕಲೇಶಪುರದವರಿಗೆ ಇದು ಉಲ್ಟಾ. ಅಲ್ಲಿನ ತೋಟದ ಮಣ್ಣು ಹುಳಿ, ಅದನ್ನೇ ಕುಂಡಕ್ಕೆ ತುಂಬಿದರೆ ಒಂದು ಹಿಡಿ ಡೋಲೊಮೈಟ್ ಸುಣ್ಣ ಬೆರೆಸಬೇಕಾಗುತ್ತದೆ, ಅದರಲ್ಲಿ ಮೆಗ್ನೀಷಿಯಂ ಕೂಡ ಇದೆ.

ಹಳದಿ ಚುಕ್ಕೆ ಚುಕ್ಕೆಯಾಗಿದ್ದರೆ ಗೊಬ್ಬರದ ಮಾತೇ ಬೇಡ. ಒಂದು ಬಿಳಿ ಹಾಳೆ ಎಲೆಯ ಅಡಿಗೆ ಹಿಡಿದು ಎಲೆಯನ್ನು ಎರಡು ಸಲ ತಟ್ಟಿ. ಹಾಳೆಯ ಮೇಲೆ ಮೆಣಸಿನ ಪುಡಿಯಷ್ಟು ಸಣ್ಣ ಚುಕ್ಕೆ ಬೀಳುತ್ತದೆ. ಅರ್ಧ ನಿಮಿಷ ಸುಮ್ನೆ ನೋಡಿ, ಚುಕ್ಕೆ ನಡೆಯಲು ಶುರು ಮಾಡಿದರೆ ಅದು ನುಸಿ. ಒಳಗಿಟ್ಟ ಗಿಡಕ್ಕೆ ಮಳೆ, ಗಾಳಿ ತಾಗುವುದಿಲ್ಲವಲ್ಲ, ಅದಕ್ಕೇ ನುಸಿ ಬೇಗ ಹೆಚ್ಚುತ್ತದೆ. ಮೊದಲು ಎಲೆಯ ಅಡಿಯನ್ನು ನೀರಿನಿಂದ ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಬೆರೆಸಿ, ವಾರಕ್ಕೊಮ್ಮೆಯಂತೆ ಮೂರು ಸಲ ಹೊಡೆಯಿರಿ. ಹೂವಿಗೆ ತಾಗಿಸಬೇಡಿ. ಎಲೆ ಹಳದಿಯಾಗುವುದರ ಜೊತೆ ಮುದುರಿ, ಗಿಡ ಗಿಡ್ಡವಾಗಿ, ಬಿಳಿನೊಣ ಹಾರುತ್ತಿದ್ದರೆ ವೈರಸ್ ಇರಬಹುದು, ಅದಕ್ಕೆ ಮದ್ದಿಲ್ಲ. ಕೀಳುವ ಮುಂಚೆ ಒಂದು ರೆಂಬೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮೂಡಿಗೆರೆಯ ಅಥವಾ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ.

ಇನ್ನು ಲೈಟ್. ದೀಪಕ್ಕೆ ಹತ್ತಿರದ ಎಲೆ ಮಾತ್ರ ಬಿಳಿಚಿದ್ದರೆ ಒಂದಡಿ ಮೇಲೆತ್ತಿ.

ಏನೇ ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹಳದಿಯಾದ ಎಲೆ ಮತ್ತೆ ಹಸಿರಾಗುವುದು ಅಪರೂಪ, ಅದನ್ನೇ ದಿಟ್ಟಿಸಿ ಕೂರಬೇಡಿ. ಕೆಳಗಿನಿಂದ ಹಳದಿ ಎಲ್ಲಿಯವರೆಗೆ ಬಂದಿದೆಯೋ ಅದರ ಮೇಲಿನ ಗಂಟಿಗೆ ನಾನು ಒಂದು ಕೆಂಪು ದಾರ ಸಡಿಲವಾಗಿ ಕಟ್ಟುತ್ತೇನೆ. ಹತ್ತು ದಿನ ಬಿಟ್ಟು ನೋಡಿದಾಗ ಹಳದಿ ದಾರ ದಾಟಿದ್ದರೆ ನನ್ನ ಲೆಕ್ಕ ತಪ್ಪಿದೆ, ಮತ್ತೆ ಮಣ್ಣಿಗೆ ಬೆರಳಿಟ್ಟು ಮೊದಲಿನಿಂದ ಶುರು ಮಾಡುತ್ತೇನೆ.