ಕರಾವಳಿಯ ಜೂಪ್ಲಾಂಕ್ಟನ್ ಎಣಿಸುವುದು ಹೇಗೆ?

ಒಂದೇ ಜಾಗದಲ್ಲಿ ಒಂದೇ ಸಲ ಬಲೆ ಎಳೆದರೆ ಕರಾವಳಿಯ ಕತೆ ಗೊತ್ತಾಗುವುದಿಲ್ಲ. ಜೂಪ್ಲಾಂಕ್ಟನ್ ಎಂಬ ಪುಟ್ಟ ಪ್ರಾಣಿಗಳು ನೀರು ಕರೆದೊಯ್ದ ಕಡೆಗೆ ಸಾಗುತ್ತವೆ. ಅಳಿವೆಯ ಹತ್ತಿರ ಒಂದು ಗುಂಪು, ಆಳದ ಕಡೆಗೆ ಇನ್ನೊಂದು. ಹಾಗಾಗಿ ಮೊದಲು ನಕ್ಷೆ ಹಿಡಿದು ಕೂರಿ. ದಡದಿಂದ ಕಡಲಿನತ್ತ ಕೆಲವು ಗೆರೆ ಎಳೆಯಿರಿ. ಒಂದು ಗೆರೆ ಅಳಿವೆಯ ಎದುರಿಗಿರಲಿ, ಇನ್ನೊಂದು ಅದರಿಂದ ದೂರ ಇರಲಿ. ಪ್ರತಿ ಗೆರೆಯಲ್ಲೂ 10, 20, 30 ಮೀಟರ್ ಆಳ ಇರುವ ಕಡೆ ಗುರುತು ಹಾಕಿ. ಅಲ್ಲೆಲ್ಲ ನೀರಿನ ಉಷ್ಣತೆ ಮತ್ತು ಉಪ್ಪಿನಂಶ ಅಳೆಯಲೇಬೇಕು.

ಸಾಮಾನ್ಯವಾಗಿ ಬಳಸುವುದು 200 ಮೈಕ್ರಾನ್, ಅಂದರೆ 0.2 ಮಿಲಿಮೀಟರ್ ಕಣ್ಣಿನ ಬಲೆ. ಇದರಲ್ಲಿ ಕೋಪೆಪಾಡ್ ಎಂಬ, ಸಿಗಡಿ-ಏಡಿಗಳ ಸಂಬಂಧಿಯಾದ ಪುಟ್ಟ ಜೀವಿಯ ಎಳೆಯ ಮರಿಗಳು ಎಷ್ಟೋ ಜಾರಿಹೋಗುತ್ತವೆ. ಅವೂ ಬೇಕೆಂದರೆ ಇನ್ನೂ ಸಣ್ಣ ಕಣ್ಣಿನ ಬಲೆ ಬೇಕು. ಆದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಯಾವುದನ್ನೇ ಆರಿಸಿ, ನಡುವೆ ಮಾತ್ರ ಬದಲಿಸಬೇಡಿ.

ಹೊತ್ತಿನ ವಿಷಯದಲ್ಲೂ ಅಷ್ಟೇ. ಎಷ್ಟೋ ಬಗೆಯವು ಹಗಲು ಕೆಳಗಿದ್ದು, ರಾತ್ರಿ ಮೇಲೆ ಬರುತ್ತವೆ. ಒಂದು ಕಡೆ ಮಧ್ಯಾಹ್ನ, ಇನ್ನೊಂದು ಕಡೆ ರಾತ್ರಿ ಮೇಲ್ನೀರಲ್ಲಿ ಬಲೆ ಎಳೆದರೆ ನಿಮಗೆ ಕಾಣುವುದು ಗಡಿಯಾರದ ವ್ಯತ್ಯಾಸ, ಜಾಗದ್ದಲ್ಲ.

ಬಲೆಯ ಬಾಯಿಗೆ, ಒಳಗೆ ಹರಿಯುವ ನೀರನ್ನು ಅಳೆಯುವ ಫ್ಲೋಮೀಟರ್ ಕಟ್ಟಿ. ಸುಮ್ನೆ 'ಜಾಸ್ತಿ ಸಿಕ್ಕಿತು' ಅಂದರೆ ಸಾಲದು, ಎಷ್ಟು ನೀರು ಸೋಸಿದ್ದಕ್ಕೆ ಸಿಕ್ಕಿತು ಅನ್ನುವುದು ಮುಖ್ಯ ಅಲ್ವಾ? ಬಲೆಯ ಬಾಯಿ 0.25 ಚದರ ಮೀಟರ್, ಅದರೊಳಗೆ ಹರಿದ ನೀರಿನ ಉದ್ದ 200 ಮೀಟರ್ ಎಂದುಕೊಳ್ಳಿ. ಸೋಸಿದ ನೀರು 50 ಘನ ಮೀಟರ್. ಸಿಕ್ಕಿದ್ದರ ಹತ್ತರಲ್ಲಿ ಒಂದು ಪಾಲಿನಲ್ಲಿ 300 ಕೋಪೆಪಾಡ್ ಇದ್ದರೆ ಒಟ್ಟು 3,000. ಅಂದರೆ ಘನ ಮೀಟರಿಗೆ 60.

ಬಲೆಯನ್ನು ಹೊರಗಿನಿಂದ ತೊಳೆದು, ಅಂಟಿಕೊಂಡವನ್ನೂ ತುದಿಯ ಡಬ್ಬಿಗೆ ಇಳಿಸಿ. ಬೋರಾಕ್ಸ್ ಬೆರೆಸಿದ ಶೇ 4ರ ಫಾರ್ಮಾಲ್ಡಿಹೈಡ್‌ನಲ್ಲಿ ಕಾಪಿಡಿ. ಕೈಗವಸು ಬೇಕು, ಗಾಳಿಯಾಡುವ ಜಾಗ ಬೇಕು. ಡಿಎನ್‌ಎ ನೋಡುವ ಯೋಚನೆ ಇದ್ದರೆ ಒಂದು ಪಾಲನ್ನು ಎಥನಾಲ್‌ನಲ್ಲಿಡಿ. ಜಾಗ, ಹೊತ್ತು, ಆಳವನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಬಾಟಲಿಯ ಒಳಗೇ ಇರಲಿ.

ಇನ್ನು ಸೂಕ್ಷ್ಮದರ್ಶಕ. ನನಗೆ ತುಂಬಾ ಇಷ್ಟದ ಹಂತ ಇದು. ಹೆಚ್ಚಿನ ಕಡೆ ಕೋಪೆಪಾಡ್‌ಗಳದ್ದೇ ದೊಡ್ಡ ಪಾಲು. ಅವುಗಳ ನಡುವೆ ಗಾಜಿನ ಕಡ್ಡಿಯಂಥ ಬಾಣಹುಳು, ತಲೆಯ ಮೇಲೆ ಮುಳ್ಳು ಹೊತ್ತ ಏಡಿಯ ಲಾರ್ವಾ, ದುಂಡನೆಯ ಮೀನಿನ ಮೊಟ್ಟೆ. ಏಡಿ, ಮೀನಿನಂಥವು ಎಳೆತನದಲ್ಲಷ್ಟೇ ಪ್ಲಾಂಕ್ಟನ್. ದೊಡ್ಡವಾದ ಮೇಲೆ ತಳಕ್ಕಿಳಿಯುತ್ತವೆ, ಇಲ್ಲವೇ ಈಜಿ ಹೋಗುತ್ತವೆ. ಇವನ್ನು ಬೇರೆಯಾಗಿ ಎಣಿಸಿ. ದಡದ ಬಳಿ ಇವು ಜಾಸ್ತಿ ಸಿಕ್ಕರೆ, ಆಸುಪಾಸಿನಲ್ಲಿ ತಾಯಿಪ್ರಾಣಿಗಳು ಮರಿ ಬಿಡುತ್ತಿರಬಹುದು.

ಕೊನೆಗೆ ಎಣಿಕೆಯನ್ನು ಉಪ್ಪಿನಂಶದ ಪಕ್ಕದಲ್ಲಿಟ್ಟು ನಕ್ಷೆಗೆ ಹಾಕಿ. ಬೇರೆ ಋತುವಿನಲ್ಲಿ ಅದೇ ಗುರುತುಗಳಿಗೆ, ಅದೇ ಬಲೆ ಹಿಡಿದು, ಅದೇ ಹೊತ್ತಿಗೆ ಮತ್ತೆ ಹೋಗಿ.